ಪಂಚೆಗೆ ಜೇಬಿಲ್ಲ

"ಪಂಚೆ ಉಡೋದು ನಮ್ಮ ಹಕ್ಕು!" ಎಂದು ಲಾಯರ್ ಮೇಜು ಗುದ್ದಿದ. ಕಾಫಿ ಲೋಟಗಳು ಒಮ್ಮೆ ಹಾರಿ ಕೂತವು. ಇಷ್ಟು ಹೇಳಿದ ಪುಣ್ಯಾತ್ಮ ಅವತ್ತು ತೊಟ್ಟಿದ್ದು ಬರ್ಮುಡಾ ಚಡ್ಡಿ. ಅದರ ಮೇಲೆ ತೆಂಗಿನ ಮರ, ಸಮುದ್ರ, ಎಡ ತೊಡೆಯ ಹತ್ತಿರ ಒಂದು ದೋಣಿ.

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ಹತ್ತಿರ ಕಾಫಿಗೆ ಸೇರುವ ನಮ್ಮ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಒಬ್ಬ ಲಾಯರ್. ಒಬ್ಬ ಕೋಡಿಂಗ್, ಅವನು ಸಾಫ್ಟ್‌ವೇರ್ ಕಂಪನಿಯವನು. ಪುತ್ತೂರು ಕಡೆಯವಳು ಟೀಚರ್. ಇನ್ನೊಬ್ಬ ಹುಬ್ಬಳ್ಳಿ. ಅವನ ಊರು ಹುಬ್ಬಳ್ಳಿಯಲ್ಲ, ಬಾಗಲಕೋಟೆ ಕಡೆ. ಆದರೆ ಬೆಂಗಳೂರಿನವರಿಗೆ ತುಂಗಭದ್ರೆ ದಾಟಿದ ಮೇಲೆ ಎಲ್ಲವೂ ಹುಬ್ಬಳ್ಳಿಯೇ. ನನ್ನನ್ನು ಜಾಸ್ತಿ ಸಲ "ಸುಮ್ನಿರು" ಎನ್ನುತ್ತಾರೆ. ಅದನ್ನೇ ನನ್ನ ಹೆಸರು ಅಂದುಕೊಳ್ಳಿ.

ಮಾತು ಹುಟ್ಟಿದ್ದು ಕೋಡಿಂಗ್‌ನ ಮೊಬೈಲಿನಿಂದ. ಶುಕ್ರವಾರ ಅವನ ಆಫೀಸಿನಲ್ಲಿ 'ಎಥ್ನಿಕ್ ಡೇ'. ಎಚ್‌ಆರ್‌ನವರು ಮೇಲ್ ಕಳಿಸಿದ್ದಾರೆ. ಗಂಡಸರು ಕುರ್ತಾ, ಶೇರ್ವಾನಿ, ಪಂಚೆ ಧರಿಸಬಹುದು. ಬಹುಮಾನ ಉಂಟು. ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲು: ಲುಂಗಿಗೆ ಅವಕಾಶವಿಲ್ಲ.

"ಪಂಚೆಗೂ ಲುಂಗಿಗೂ ಏನು ವ್ಯತ್ಯಾಸ?" ಕೋಡಿಂಗ್ ಪಾಪ ನಿಜವಾಗಿಯೇ ಕೇಳಿದ.

"ಬಿಳಿ ಇದ್ದರೆ ಸಂಸ್ಕೃತಿ, ಚೌಕಳಿ ಇದ್ದರೆ ಅಸಭ್ಯ" ಎಂದಳು ಟೀಚರ್. "ಬಿಳಿ ಉಟ್ಟವನು ದೇವಸ್ಥಾನಕ್ಕೋ ವಿಧಾನಸೌಧಕ್ಕೋ ಹೋಗ್ತಾನೆ. ಚೌಕಳಿ ಉಟ್ಟವನು ಮೀನು ತರೋಕೆ, ಲಾರಿ ಓಡಿಸೋಕೆ, ಗಾರೆ ಕೆಲಸಕ್ಕೆ ಹೋಗ್ತಾನೆ. ಎರಡೂ ಅದೇ ಸೊಂಟ, ಅದೇ ಗಂಟು. ಕೆಂಪು ಅಕ್ಷರ ಬಂದಿದ್ದು ಬಟ್ಟೆಗಲ್ಲ, ಅದನ್ನ ಉಡೋರಿಗೆ."

"ನಿನಗೆ ಎಲ್ಲದರಲ್ಲೂ ರಾಜಕೀಯ" ಎಂದ ಲಾಯರ್.

"ಪಂಚೆಯಲ್ಲಿ ರಾಜಕೀಯ ಇಲ್ಲ ಅಂತಿಯಾ? ನೀನು ಬಿಳಿ ಪಂಚೆ, ಬಿಳಿ ಶರ್ಟು ಹಾಕ್ಕೊಂಡು ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಬಾ. 'ಏನ್ಸಾರ್, ಎಲೆಕ್ಷನ್ನಾ?' ಅಂತ ಕೇಳದೇ ಇದ್ದರೆ ನನ್ನ ಕಾಫಿ ನಿನಗೆ."

ಇದು ನಿಜ. ಮೂವತ್ತು ನಲವತ್ತರ ಗಂಡಸು ಕಾರಣವಿಲ್ಲದೆ ಪಂಚೆ ಉಟ್ಟರೆ ನಮ್ಮ ಊರಿನಲ್ಲಿ ಮೂರೇ ಅನುಮಾನ. ಮನೆಯಲ್ಲಿ ಪೂಜೆ, ಮನೆಯಲ್ಲಿ ಸಾವು, ಇಲ್ಲಾ ಪಕ್ಷದ ಟಿಕೆಟ್. ಹಾಗೇ ಸುಮ್ನೆ ಉಟ್ಟಿದ್ದೀನಿ ಅಂದರೆ ಯಾರೂ ನಂಬುವುದಿಲ್ಲ. ಡಾ. ರಾಜ್‌ಕುಮಾರ್ ಬಣ್ಣ ಕಳಚಿದ ಮೇಲೆ ಬಿಳಿ ಪಂಚೆ, ಬಿಳಿ ಶರ್ಟಿನಲ್ಲೇ ಇರುತ್ತಿದ್ದರು. ದೇವೇಗೌಡರು 1996ರಲ್ಲಿ ಅದೇ ಪಂಚೆಯಲ್ಲಿ ಪ್ರಧಾನಿಯ ಕುರ್ಚಿಯಲ್ಲಿ ಕೂತರು. ಸಿದ್ದರಾಮಯ್ಯನವರ ಪಂಚೆ ನಮಗೆಲ್ಲ ಎಷ್ಟು ರೂಢಿಯಾಗಿದೆ ಅಂದರೆ ಅವರು ಪ್ಯಾಂಟು ಹಾಕಿಕೊಂಡರೆ ಅದೇ ಬ್ರೇಕಿಂಗ್ ನ್ಯೂಸ್. ಇಷ್ಟು ದೊಡ್ಡವರು ಉಟ್ಟರೂ ಪಂಚೆಗೆ ಫ್ಯಾಶನ್ ಆಗುವ ಯೋಗ ಬರಲಿಲ್ಲ ನೋಡಿ. ಅವರು ಉಟ್ಟದ್ದರಿಂದಲೇ ಬರಲಿಲ್ಲವೋ ಏನೋ!

"ಅದಕ್ಕೇ ನಾನು ಹಕ್ಕು ಅಂದಿದ್ದು" ಎಂದು ಲಾಯರ್ ಮತ್ತೆ ಎದ್ದ. "2024ರ ಜುಲೈ ನೆನಪಿದೆಯಾ? ಮಾಗಡಿ ರಸ್ತೆಯ ಮಾಲು. ಹಾವೇರಿ ಕಡೆಯ ರೈತ, ಮಗನ ಜೊತೆ ಸಿನಿಮಾಗೆ ಬಂದಿದ್ದಾರೆ. ಕೈಯಲ್ಲಿ ಟಿಕೆಟ್ ಇದೆ. ಪಂಚೆ ಉಟ್ಟಿದ್ದೀರಿ, ಒಳಗೆ ಬಿಡಲ್ಲ ಅಂತ ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಏನಾಯ್ತು? ಮಾಲಿನ ಮುಂದೆ ಪಂಚೆ ಉಟ್ಟೇ ಪ್ರತಿಭಟನೆ ಆಯ್ತು. ವಿಷಯ ವಿಧಾನಸಭೆಗೆ ಹೋಯ್ತು. ಸರ್ಕಾರ ಏಳು ದಿನ ಬಾಗಿಲು ಹಾಕಿಸ್ತು."

"ಮರುದಿನ ಅದೇ ಮಾಲಿನವರು ಅವರಿಗೆ ಶಾಲು ಹೊದಿಸಿ ಕ್ಷಮೆ ಕೇಳಿದರಲ್ಲ?" ಎಂದೆ ನಾನು.

"ಸುಮ್ನಿರು. ಅದೇ ನಮ್ಮ ಕಥೆ. ಒಳಗೆ ಬಿಡೋಕೆ ಆಗಲ್ಲ, ಸನ್ಮಾನ ಬೇಕಾದರೆ ಮಾಡ್ತೀವಿ" ಎಂದಳು ಟೀಚರ್. ಬೈದದ್ದು ನನಗೋ ಮಾಲಿಗೋ ಗೊತ್ತಾಗಲಿಲ್ಲ.

ಹುಬ್ಬಳ್ಳಿ ಇಷ್ಟು ಹೊತ್ತು ಖಾಲಿ ದೋಸೆಗೆ ಇನ್ನೊಂದು ಬಟ್ಟಲು ಸಾಗು ಹಾಕಿಸಿಕೊಳ್ಳುವುದರಲ್ಲಿ ಮುಳುಗಿದ್ದ. ಅವನು ಧೋತರ ಉಟ್ಟು ಬಂದಿದ್ದ ಎಂದು ನಮಗೆ ಆಗ ಗಮನಕ್ಕೆ ಬಂತು. ಬಿಳಿ ಧೋತರ, ಮೇಲೆ ನೆಹರೂ ಶರ್ಟು. ಯಾಕೆ ಎಂದು ಕೇಳಿದರೆ, "ಪ್ಯಾಂಟ್ ಎಲ್ಲ ಒಗ್ಯಾಕ ಹಾಕೇನ್ರಿ" ಎಂದ. ಅಷ್ಟೇ. ಹಕ್ಕೂ ಇಲ್ಲ, ಹೆಮ್ಮೆಯೂ ಇಲ್ಲ.

"ನಿನ್ನನ್ನ ಇಲ್ಲಿ ಬಾಗಿಲಲ್ಲಿ ಯಾರೂ ತಡೀಲಿಲ್ವಾ?"

"ದೋಸಿ ತಿನ್ನಾಕ ಬಂದವರನ್ನ ಯಾರು ತಡೀತಾರ್ರಿ?"

ಕೋಡಿಂಗ್ ಅಷ್ಟರಲ್ಲಿ ಮೊಬೈಲಿನಲ್ಲಿ ಏನೋ ಹುಡುಕಿ ತೆಗೆದ. ಅವನ ಅಭ್ಯಾಸ ಅದು. ನಾವು ಜಗಳ ಆಡುತ್ತೇವೆ, ಅವನು ಸಾಕ್ಷಿ ತರುತ್ತಾನೆ. "ಇಲ್ಲಿ ನೋಡಿ, 2019ರ ಡಿಸೆಂಬರ್. ಅಭಿಜಿತ್ ಬ್ಯಾನರ್ಜಿ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ತಗೊಳ್ತಿರೋ ಫೋಟೊ. ಕಪ್ಪು ಬಂದ್‌ಗಲಾ ಕೋಟು, ಕೆಳಗೆ ಧೋತಿ. ಪಕ್ಕದಲ್ಲಿ ಹೆಂಡತಿ ಎಸ್ತರ್ ಡುಫ್ಲೊ, ಅವರು ಫ್ರೆಂಚ್‌ನವರು, ಸೀರೆ ಉಟ್ಟಿದ್ದಾರೆ. ನೊಬೆಲ್ ಸಮಾರಂಭದ ನಿಯಮವೇ ಹಾಗಂತೆ. ಗಂಡಸರಾದರೆ ಬಾಲದ ಕೋಟು, ಬಿಳಿ ಬೋ. ಇಲ್ಲಾಂದ್ರೆ ಅವರವರ ದೇಶದ ಉಡುಪು."

ನಾವೆಲ್ಲ ಫೋಟೊ ನೋಡಿದೆವು. ಸ್ವೀಡನ್ನಿನ ರಾಜನ ಮುಂದೆ ನಡೆಯುವ ಬಟ್ಟೆ ಮಾಗಡಿ ರಸ್ತೆಯ ಸೆಕ್ಯುರಿಟಿಯ ಮುಂದೆ ನಡೆಯುವುದಿಲ್ಲ.

"ಅಂದರೆ ಮಾಲಿಗೆ ಹೋಗೋಕೆ ಮೊದಲು ನೊಬೆಲ್ ತಗೋಬೇಕು" ಎಂದೆ. ಈ ಸಲ ಯಾರೂ ಸುಮ್ನಿರು ಅನ್ನಲಿಲ್ಲ.

ಲಾಯರ್‌ಗೆ ಹುರುಪು ಬಂತು. ತಮಿಳುನಾಡಿನ ಕಥೆ ತೆಗೆದ. 2014ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಹರಿಪರಂಧಾಮನ್ ಅವರು ಚೆನ್ನೈನ ಕ್ರಿಕೆಟ್ ಕ್ಲಬ್ಬಿಗೆ ಪುಸ್ತಕ ಬಿಡುಗಡೆಗೆ ಹೋಗಿದ್ದಾರೆ. ವೇಷ್ಟಿ ಉಟ್ಟಿದ್ದೀರಿ, ಒಳಗೆ ಬಿಡಲ್ಲ ಅಂದರು. ಹೈಕೋರ್ಟ್ ಜಡ್ಜಿಗೆ! ಜಯಲಲಿತಾ ಅವರ ಸರ್ಕಾರ ಅದೇ ವರ್ಷ ಕಾನೂನು ಮಾಡಿತು. ವೇಷ್ಟಿ ಉಟ್ಟವರನ್ನು ತಡೆದರೆ ಕ್ಲಬ್ಬಿನ ಲೈಸೆನ್ಸೇ ಹೋಗಬಹುದು.

"ನಿಮ್ಮ ಕೋರ್ಟಲ್ಲಿ ಪಂಚೆ ಉಟ್ಟು ವಾದ ಮಾಡಬಹುದಾ?" ಟೀಚರ್ ಕೇಳಿದಳು.

ಲಾಯರ್ ಕೆಮ್ಮಿದ. ಬಾರ್ ಕೌನ್ಸಿಲ್ ನಿಯಮದಲ್ಲಿ ಏನಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಗಂಡು ವಕೀಲರು ಕರಿ ಕೋಟಿನ ಕೆಳಗೆ ಪ್ಯಾಂಟು ಹಾಕಬಹುದು, ಧೋತಿಯನ್ನೂ ಉಡಬಹುದು. ಜೀನ್ಸ್ ಮಾತ್ರ ಕೂಡದು.

"ಅಂದರೆ ಇಪ್ಪತ್ತು ವರ್ಷದಿಂದ ನಿನಗೆ ಅವಕಾಶ ಇದೆ. ಒಂದು ದಿನ ಉಟ್ಟಿದ್ದೀಯಾ?"

"ಕಕ್ಷಿದಾರ ಓಡಿಹೋಗ್ತಾನಮ್ಮಾ. ಪಂಚೆ ಉಟ್ಟ ಲಾಯರ್ ಅಂದರೆ ಫೀಸು ಕಮ್ಮಿ ಅಂದುಕೊಳ್ತಾನೆ."

"ನಿಮ್ಮ ತಾತ?"

"ತಾತ ಕಚ್ಚೆ ಪಂಚೆ, ಕರಿ ಕೋಟು, ಮೇಲೆ ಮೈಸೂರು ಪೇಟ ಹಾಕ್ಕೊಂಡೇ ಕೋರ್ಟಿಗೆ ಹೋಗ್ತಿದ್ದರು. ಫೋಟೊ ಇದೆ."

"ಅವರಿಗೆ ಫೀಸು ಬರ್ತಿರಲಿಲ್ವಾ?"

ಲಾಯರ್ ಕಾಫಿ ಕುಡಿದ. ಹಳೆಯ ಫೋಟೊಗಳಲ್ಲಿ ನೋಡಿ ಬೇಕಾದರೆ. ಆ ಕಾಲದ ಮೇಷ್ಟರು, ಶಾನುಭೋಗರು, ಅಮಲ್ದಾರರು ಸೊಂಟದ ಮೇಲೆ ಇಂಗ್ಲೆಂಡು, ಸೊಂಟದ ಕೆಳಗೆ ಕರ್ನಾಟಕ. ಬೇಸಿಗೆಯಲ್ಲಿ ಕಾಲಾದರೂ ತಣ್ಣಗಿರುತ್ತಿತ್ತು. ನಾವು ಕೋಟು ಬಿಚ್ಚಿ ಪಂಚೆ ಉಳಿಸಿಕೊಳ್ಳಬಹುದಿತ್ತು. ಪಂಚೆ ಬಿಚ್ಚಿ ಕೋಟು ಉಳಿಸಿಕೊಂಡೆವು. ಏಪ್ರಿಲಿನ ಬಿಸಿಲಲ್ಲಿ ಕಲಬುರಗಿಯ ಕೋರ್ಟಿನ ಮುಂದೆ ಕರಿ ಕೋಟಿನಲ್ಲಿ ನಿಂತ ಯಾವ ವಕೀಲರನ್ನಾದರೂ ಕೇಳಿ, ಇದರ ಬುದ್ಧಿವಂತಿಕೆ ಗೊತ್ತಾಗುತ್ತದೆ.

"ಪಂಚೆಗೆ ಪ್ರಾಕ್ಟಿಕಲ್ ತೊಂದರೆ ಇದೆ" ಎಂದ ಕೋಡಿಂಗ್. "ಬೈಕ್ ಓಡಿಸೋದು ಹೇಗೆ? ಚೈನಿಗೆ ಸಿಕ್ಕಿಕೊಂಡರೆ? ಜೋರು ಗಾಳಿ ಬಂದರೆ?"

"ಮಂಗಳೂರಲ್ಲಿ ಬಂದು ನೋಡು" ಎಂದಳು ಟೀಚರ್. "ಮಳೆಗಾಲದಲ್ಲಿ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯೋರನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ. ನಮ್ಮಪ್ಪ ತೋಟದಲ್ಲಿ ದಿನವಿಡೀ ಮೊಣಕಾಲ ಮೇಲೆ ಕಟ್ಟಿದ ಪಂಚೆಯಲ್ಲೇ. ಮರ ಹತ್ತೋದು, ಅಡಿಕೆ ಹೊರೋದು, ಎಲ್ಲ ಅದರಲ್ಲೇ. ದಾರಿಯಲ್ಲಿ ಹಿರಿಯರು ಎದುರಾದರೆ ಸಟ್ಟನೆ ಗಂಟು ಬಿಚ್ಚಿ ಕೆಳಗಿಳಿಸ್ತಿದ್ದರು. ಅದು ನಮಸ್ಕಾರಕ್ಕಿಂತ ದೊಡ್ಡ ಮರ್ಯಾದೆ. ಪ್ಯಾಂಟು ಹಾಕ್ಕೊಂಡು ಆ ಮರ್ಯಾದೆ ಕೊಡೋಕೆ ಹೋದರೆ ಪೊಲೀಸ್ ಬರ್ತಾರೆ."

ಬೈಕಿನ ಮಾತು ಬಂದದ್ದೇ ತಡ, ಲಾಯರ್‌ಗೆ ಇನ್ನೊಂದು ನಿಯಮ ನೆನಪಾಯಿತು. ಕೇಂದ್ರ ಮೋಟಾರು ವಾಹನ ನಿಯಮ 123. ಬೈಕಿನ ಹಿಂದೆ ಕೂರುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವಂತೆ ತಡೆ ಇರಬೇಕು. ನಾವು ಸೀರೆ ಗಾರ್ಡ್ ಅನ್ನುವುದು ಇದನ್ನೇ. ಯಾವ ಯಾವುದೋ ದೇಶದ ಕಂಪನಿಗಳು ಇಲ್ಲಿ ಬೈಕು ಮಾರಬೇಕಾದರೆ ನಮ್ಮ ಅಕ್ಕಂದಿರ ಸೆರಗಿಗೆ ತಲೆಬಾಗಬೇಕು. ಇದಕ್ಕಿಂತ ದೊಡ್ಡ ಗೆಲುವು ಸೀರೆಗೆ ಇನ್ನೇನು ಬೇಕು?

"ನಾನು ಶೋರೂಮಿಂದ ಹೊರಗೆ ಬಂದ ದಿನವೇ ಅದನ್ನ ಬಿಚ್ಚಿಸಿದೆ" ಎಂದ ಕೋಡಿಂಗ್. "ಲುಕ್ ಹಾಳಾಗುತ್ತೆ."

ಟೀಚರ್ ಅವನನ್ನು ನೋಡಿದ ರೀತಿಗೆ ಅವನು ದೋಸೆಯ ಕಡೆ ತಿರುಗಿದ.

ಆಮೇಲೆ ಅವಳು ಶುರು ಮಾಡಿದಳು. ನಾವು ಮೂರು ಜನ ಗಂಡಸರು ಅರ್ಧ ಗಂಟೆ ಪಂಚೆಯ ಕಷ್ಟ ಹೇಳಿಕೊಂಡದ್ದಕ್ಕೆ ಒಟ್ಟಿಗೇ ಉತ್ತರ ಬಂತು.

"ನಿಮ್ಮ ತಾತಂದಿರು ಕಚ್ಚೆ ಬಿಟ್ಟು ಪ್ಯಾಂಟಿಗೆ ಹೋದರಲ್ಲ, ಅವತ್ತು ಸಂಸ್ಕೃತಿ ಹಾಳಾಯ್ತು ಅಂತ ಯಾರಾದರೂ ಅತ್ತರಾ? ಪ್ರಮೋಶನ್ ಸಿಕ್ಕಿತು ಅಂದರು. ನಾನು ಮದುವೆಯಾದ ಹೊಸದರಲ್ಲಿ ಚೂಡಿದಾರ ಹಾಕಿದಾಗ ನಮ್ಮ ಅತ್ತೆ ಮೂರು ದಿನ ಮಾತಾಡಲಿಲ್ಲ. ಯಾವ ಮದುವೆ ಆಲ್ಬಮ್ ಬೇಕಾದರೂ ತೆಗೀರಿ. ಆರತಕ್ಷತೆಯಲ್ಲಿ ಹುಡುಗ ಲಂಡನ್ನಿಂದ ಇಳಿದ ಹಾಗೆ ಸೂಟು, ಟೈ. ಪಕ್ಕದಲ್ಲಿ ಹುಡುಗಿ ಜರಿ ಸೀರೆ, ಮಲ್ಲಿಗೆ ದಂಡೆ, ಡಾಬು. ಪರಂಪರೆಯ ಭಾರ ಕೆಜಿ ಲೆಕ್ಕದಲ್ಲಿ ಹೊರೋದು ಅವಳು. ಅವನು ಏಸಿ ಎಲ್ಲಿದೆ ಅಂತ ನೋಡ್ತಿರ್ತಾನೆ."

"ನಿನಗೆ ಸೀರೆ ಇಷ್ಟ ಇಲ್ವಾ ಹಾಗಾದ್ರೆ?" ಎಂದೆ, ಹೆದರಿಕೊಂಡು.

"ತುಂಬಾ ಇಷ್ಟ. ಬೀರುವಿನಲ್ಲಿ ಜಾಗ ಇಲ್ಲ. ಕಡ್ಡಾಯ ಇಷ್ಟ ಇಲ್ಲ. ಕೇರಳ ಸರ್ಕಾರ 2021ರಲ್ಲಿ ಸ್ಪಷ್ಟವಾಗಿ ಹೇಳಿತು, ಅಧ್ಯಾಪಕಿಯರು ಸೀರೆಯನ್ನೇ ಉಡಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ ಅಂತ. ನಾನು ಕೆಲಸಕ್ಕೆ ಸೇರಿದ ಶಾಲೇಲಿ ಅಂಥ ನಿಯಮ ಬರೆದೇ ಇರಲಿಲ್ಲ. ಬರೆಯೋ ಅಗತ್ಯವೇ ಇರಲಿಲ್ಲ. ಹೆಡ್‌ಮಾಸ್ತರರ ಕಣ್ಣೇ ಸಾಕಿತ್ತು. ಆ ಹೆಡ್‌ಮಾಸ್ತರರು ಏನು ಹಾಕ್ತಿದ್ದರು? ಸಫಾರಿ ಸೂಟು!"

ಸಫಾರಿ ಸೂಟಿನ ಹೆಸರು ಕೇಳಿ ಸ್ವಲ್ಪ ಹೊತ್ತು ಎಲ್ಲರೂ ಮೌನವಾದೆವು. ಅದು ಯಾವ ನಾಡಿನ ಸಂಪ್ರದಾಯವೋ, ಯಾವ ಕಾಡಿನ ಬೇಟೆಗೆ ಹೊಲಿಸಿದ್ದೋ. ಒಂದು ತಲೆಮಾರಿನ ಕರ್ನಾಟಕ ಸರ್ಕಾರ ಅದರಲ್ಲೇ ನಡೆಯಿತು.

"ಮೈಸೂರು ಸಿಲ್ಕಿಗೆ ಈಗ ಕ್ಯೂ ನಿಲ್ತಾರಲ್ಲ?" ಎಂದ ಕೋಡಿಂಗ್, ಮಾತು ತಿರುಗಿಸಲು. ಅದೂ ಹೌದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ. ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು. ಆದರೆ ಅಷ್ಟು ಕಷ್ಟಪಟ್ಟು ತಂದ ಸೀರೆಯನ್ನು ದಿನಾ ಉಟ್ಟು ಬಸ್ಸು ಹತ್ತುವ ಗಟ್ಟಿಗಿತ್ತಿಯನ್ನು ನಾನಿನ್ನೂ ಕಂಡಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಕೊಳದಪ್ಪಲೆಯ ಹಾಗೆ ಅದು. ಹಬ್ಬಕ್ಕೆ ಇಳಿಸುವುದು, ತಿಕ್ಕಿ ಹೊಳಪು ಮಾಡುವುದು, ಮತ್ತೆ ಹತ್ತಿಸುವುದು. ಅನ್ನ ಮಾತ್ರ ದಿನಾ ಕುಕ್ಕರಿನಲ್ಲಿ.

ಹುಬ್ಬಳ್ಳಿ ಈಗ ಬಾಯಿ ಒರೆಸಿಕೊಂಡ. ಅವನು ಮಾತಾಡುವುದು ತಿಂಡಿ ಮುಗಿದ ಮೇಲೆ.

"ನಮ್ಮವ್ವ ಇಳಕಲ್ ಸೀರಿನೇ ಉಡತಿದ್ಲು. ಹಬ್ಬಕ್ಕಲ್ರಿ. ಹೊಲಕ್ಕ. ಕಳೆ ತೆಗಿಯಾಕ, ಸಜ್ಜಿ ಕೊಯ್ಯಾಕ."

ಅವನು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ, ಅವನ ಮಾತಿನ ರುಚಿ ಬರುವುದಿಲ್ಲ, ಇರಲಿ. ಇಳಕಲ್ ಸೀರೆಯಲ್ಲಿ ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ಹಲ್ಲು ಹಲ್ಲಾಗಿ ಬರುವುದು ತೋಪ್ ತೆನಿ. ಅಂಚಿಗೆ ಚಿಕ್ಕಿ ಪರಾಸ್, ಗೋಮಿ ಅಂತೆಲ್ಲ ಹೆಸರು. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಮನಸ್ಸಿದ್ದರೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಹೊಲಿಗೆಗಳಲ್ಲಿ ತೇರು, ಆನೆ, ತುಳಸಿಕಟ್ಟೆ. ಇಷ್ಟೆಲ್ಲ ಕೆಲಸ ಇರುವ ಬಟ್ಟೆಯನ್ನು ಕಚ್ಚೆ ಹಾಕಿ ಉಟ್ಟು ಅವನ ಅವ್ವ ಎರೆ ಮಣ್ಣಿನಲ್ಲಿ ಇಳಿಯುತ್ತಿದ್ದಳು. ಇದು ಪರಂಪರೆ, ಜೋಪಾನ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

"ಈಗ?"

"ಈಗ ಪಾಲಿಸ್ಟರ್ ಸೀರಿ ಉಡತಾಳ್ರಿ. ಹಗುರಂತ, ಲಗೂನ ಒಣಗತೈತಂತ. ನಿಜವಾದ ಇಳಕಲ್ ಭಾಳ ತುಟ್ಟಿ ಆಗೇತಿ. ಮೊನ್ನೆ ಇಲ್ಲಿ ಬಂದಿದ್ಲು. ನನ್ನ ಹೆಂಡ್ತಿ ಆಕೀನ್ನ ಕೈಮಗ್ಗದ ಮೇಳಕ್ಕ ಕರಕೊಂಡು ಹೋದ್ಲು. ಅಲ್ಲಿ ಜೀನ್ಸ್ ಪ್ಯಾಂಟಿನ ಹುಡುಗ್ಯಾರು ಇಳಕಲ್ ಸೀರಿ ಹಿಡಕೊಂಡು ಫೋಟೊ ಹೊಡಕೊಳ್ಳಾಕತ್ತಿದ್ರು. ನಮ್ಮವ್ವಗ ಕೇಳಿದ್ರು, 'ಆಂಟಿ, ಇದನ್ನ ಹೇಗೆ ಉಡೋದು?' ಅಂತ."

"ಏನಂದರು?"

"'ಮೊದಲ ಆ ಪ್ಯಾಂಟ್ ಬಿಚ್ಚವಾ' ಅಂದ್ಲು."

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆವು. ಲಾಯರ್ ಮಾತ್ರ ಗಂಭೀರ. "ಸರ್ಕಾರ ಕಡ್ಡಾಯ ಮಾಡಬೇಕು. ವಾರಕ್ಕೆ ಒಂದು ದಿನವಾದರೂ. ಭೂತಾನ್ ಮಾಡಿಲ್ವಾ?"

ಭೂತಾನ್ ಎಂದರೆ ಟೀಚರ್‌ನ ಖಾತೆ. ಅವಳು ಟೂರ್ ಹೋಗಿ ಬಂದಿದ್ದಾಳೆ, ನಮ್ಮಲ್ಲಿ ಬೇರೆ ಯಾರೂ ಹೋಗಿಲ್ಲ, ಆದ್ದರಿಂದ ಅವಳು ಹೇಳಿದ್ದೇ ಭೂತಾನ್. ಅಲ್ಲಿ ಗಂಡಸರು ಘೋ, ಹೆಂಗಸರು ಕಿರಾ. ಶಾಲೆ, ಸರ್ಕಾರಿ ಕಚೇರಿ, ಜೊಂಗ್ ಎನ್ನುವ ಕೋಟೆಮಠಗಳ ಒಳಗೆ ಅದನ್ನೇ ಹಾಕಬೇಕು. "ನೋಡೋಕೆ ಚೆಂದ. ಆದರೆ ನಮ್ಮ ಗೈಡ್ ಹುಡುಗ ಸಂಜೆ ಕೆಲಸ ಮುಗಿದ ಐದು ನಿಮಿಷಕ್ಕೆ ಜೀನ್ಸಿನಲ್ಲಿ ಬಂದ. ಇನ್ನೊಂದು ಗೊತ್ತಾ? 1989ರಲ್ಲಿ ಇದನ್ನ ಬಿಗಿಯಾಗಿ ಜಾರಿ ಮಾಡಿದಾಗ ದಕ್ಷಿಣದ ನೇಪಾಳಿ ಮಾತಾಡೋ ಜನರಿಗೂ ಇದೇ ಬಟ್ಟೆ ಹಾಕಿ ಅಂದರು. ಅವರಿಗೆ ಅವರದೇ ಉಡುಪಿತ್ತು. ಎಷ್ಟು ಕಹಿಯಾಯಿತು ಅಂತ ಓದಿ ನೋಡು. ನಮ್ಮಲ್ಲಿ ನಾಳೆ ಪಂಚೆ ಕಡ್ಡಾಯ ಅಂದರೆ ಕೊಡಗಿನವರು ಕುಪ್ಯ ಕೋಟು, ಚೇಲೆ ನಡುಕಟ್ಟು ಎಲ್ಲಿಡಬೇಕು? ಅವರ ಹೆಂಗಸರು ನೆರಿಗೆ ಹಿಂದಕ್ಕೆ ಹಾಕ್ತಾರೆ, ಅದನ್ನ ಮುಂದಕ್ಕೆ ತನ್ನಿ ಅಂತ ನೋಟಿಸು ಕೊಡ್ತೀಯಾ?"

ಲಾಯರ್ ನೋಟಿಸು ಎಂಬ ಪದಕ್ಕೆ ಕಿವಿ ನಿಮಿರಿಸಿದ. ಟೀಚರ್ ಬಿಡಲಿಲ್ಲ. "ಒಂದು ಮಾತ್ರ ನಾವು ಕಲೀಬೇಕು. ಘೋದಲ್ಲಿ ಎದೆ ಮೇಲೆ ದೊಡ್ಡ ಚೀಲದ ಹಾಗೆ ಜೇಬು ಬರುತ್ತೆ. ಹಿಂದೆ ಊಟದ ಬಟ್ಟಲನ್ನೇ ಅದರೊಳಗೆ ಇಟ್ಕೊಳ್ತಿದ್ದರಂತೆ. ಈಗ ಮೊಬೈಲು, ಪರ್ಸು, ಎಲೆ ಅಡಿಕೆ. ಪಂಚೆ ಸೋತಿರೋದು ಸಂಸ್ಕೃತಿಯಿಂದಲ್ಲ. ಜೇಬಿಲ್ಲದೆ."

ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಮೊಬೈಲ್ ಎಲ್ಲಿಡುವುದು ಎಂಬ ಪ್ರಶ್ನೆಯ ಮುಂದೆ ಪಂಪನ ನಾಡೂ ತಲೆ ತಗ್ಗಿಸಬೇಕು.

"ಇಲ್ಲದೇನು?" ಎಂದ ಹುಬ್ಬಳ್ಳಿ. "ಒಳಗ ಪಟ್ಟಾಪಟ್ಟಿ ಚಡ್ಡಿ ಐತಲ್ಲ, ಅದಕ್ಕ ಇಷ್ಟುದ್ದ ಜೇಬು. ನಮ್ಮಪ್ಪ ಎತ್ತು ಮಾರಿದ ರೊಕ್ಕಾನ ಅದರಾಗ ಇಟ್ಟು ಸಂತಿಯಿಂದ ಬರತಿದ್ದ. ಯಾವ ಕಳ್ಳನೂ ಅಲ್ಲಿಗೆ ಕೈ ಹಾಕಂಗಿಲ್ಲ."

"ಈಗ ಜೇಬು, ವೆಲ್ಕ್ರೋ ಎಲ್ಲ ಇರೋ ಪಂಚೆ ಬಂದಿದೆ" ಎಂದ ಕೋಡಿಂಗ್. ಆನ್‌ಲೈನಿನಲ್ಲಿ ಅಂಥದ್ದೊಂದನ್ನು ಆಗಲೇ ಆರ್ಡರ್ ಮಾಡಿದ್ದ. ಸುತ್ತುವುದು ಬೇಡ, ಗಂಟು ಬೇಡ, ಬೆಲ್ಟಿನ ಹಾಗೆ ಒತ್ತಿದರೆ ಅಂಟಿಕೊಳ್ಳುತ್ತದೆ.

"ಅದು ಬಿಚ್ಚಿಕೊಂಡರೆ ಚರ್ರ್ ಅಂತ ಸದ್ದು ಬರುತ್ತೆ" ಎಂದೆ. "ಗಂಟು ಬಿಚ್ಚಿದರೆ ಮಾನ ಸದ್ದಿಲ್ಲದೆ ಹೋಗ್ತಿತ್ತು. ಈಗ ಅನೌನ್ಸ್‌ಮೆಂಟ್ ಆಗಿ ಹೋಗುತ್ತೆ."

"ಸುಮ್ನಿರು!" ಮೂರು ದನಿ ಒಟ್ಟಿಗೆ.

ಹುಬ್ಬಳ್ಳಿಯ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ರಾಜ್ಯೋತ್ಸವ ಬರುವ ಹೊತ್ತಿಗೆ ಮೈ ಕೊರೆಯುವ ಚಳಿ. ಅವನು ಒಳಗೆ ಥರ್ಮಲ್ ಪ್ಯಾಂಟು, ಅದರ ಮೇಲೆ ಧೋತರ, ಅದರ ಮೇಲೆ ದಪ್ಪ ಓವರ್‌ಕೋಟು, ತಲೆಗೆ ಬಾಡಿಗೆಯ ಮೈಸೂರು ಪೇಟ ಹಾಕಿಕೊಂಡು ಕನ್ನಡ ಕೂಟಕ್ಕೆ ಹೋಗುತ್ತಾನಂತೆ. ಪಾರ್ಕಿಂಗ್ ಜಾಗದಿಂದ ಹಾಲ್ ತನಕ ನಡೆಯುವ ಹೊತ್ತಿಗೆ ನಾಡಗೀತೆಯ ಅರ್ಧ ಮುಗಿದಿರುತ್ತದೆ. ಆದರೂ ಬಿಡುವುದಿಲ್ಲ. ಅದೇ ತಮ್ಮ ಊರಿಗೆ ಬಂದರೆ ಹದಿನೈದು ದಿನವೂ ಟ್ರ್ಯಾಕ್ ಪ್ಯಾಂಟಿನಲ್ಲೇ ಇರುತ್ತಾನೆ. ಅವನ ಅವ್ವ ಕೇಳಿದರೆ, "ಇಲ್ಲಿ ಯಾರು ನೋಡ್ತಾರವ್ವ" ಅನ್ನುತ್ತಾನಂತೆ.

ನನಗೆ ಆ ಮಾತು ಬಹಳ ಹಿಡಿಸಿತು. ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಬಿಲ್ ಬಂತು.

ಲಾಯರ್ ಬರ್ಮುಡಾದ ಜೇಬು ತಡಕಿದ. ಅದರಲ್ಲಿ ಕಾರಿನ ಕೀಲಿ ಮಾತ್ರ ಇತ್ತು. ಕೋಡಿಂಗ್‌ನ ಮೊಬೈಲ್ ಫೋಟೊ ತೋರಿಸಿ ತೋರಿಸಿ ಚಾರ್ಜ್ ಕಳೆದುಕೊಂಡಿತ್ತು. ನಾನು ಸುಮ್ಮನಿದ್ದೆ, ಹೆಸರಿಗೆ ತಕ್ಕ ಹಾಗೆ. ಟೀಚರ್ ಹುಬ್ಬಳ್ಳಿಯ ಕಡೆ ನೋಡಿದಳು. "ಎರಡು ದೋಸೆ ಜಾಸ್ತಿ ತಿಂದವನು ನೀನು. ತೆಗಿ."

"ಧೋತರಕ್ಕ ಜೇಬಿಲ್ರಿ."

"ಪಟ್ಟಾಪಟ್ಟಿಗೆ ಇಷ್ಟುದ್ದ ಇದೆ ಅಂದ್ಯಲ್ಲ?"

"ಐತ್ರಿ" ಎಂದ ಅವನು, ಎದ್ದು ನಿಂತು ಧೋತರದ ನೆರಿಗೆಗೆ ಕೈ ಹಾಕುತ್ತ. "ಎಲ್ಲರ ಮುಂದನ ತೆಗೀಲೇನು?"

ಟೀಚರ್ ಬಿಲ್ ಕೊಟ್ಟಳು.